ದ್ವೀಪಸಾಲಿನ ಜ್ವಾಲಾಮುಖಿ ಕಲ್ಲು ಎಲ್ಲಿಂದ ಬಂತು? ಐಸೊಟೋಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭೂವಿಜ್ಞಾನ ಓದುತ್ತಿರುವವರು, ಸುಮ್ನೆ ಕುತೂಹಲ ಇರುವವರು ಇಬ್ಬರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಐಸೊಟೋಪ್ ಅಂದರೆ ಒಂದೇ ಧಾತುವಿನ, ಆದರೆ ಬೇರೆ ಬೇರೆ ತೂಕದ ಪರಮಾಣುಗಳು, ಹೆಸರಿನ ಮುಂದಿನ ಸಂಖ್ಯೆ ಆ ತೂಕ. ಸೂತ್ರಗಳನ್ನು ಆದಷ್ಟು ದೂರ ಇಟ್ಟಿದ್ದೇನೆ. ಒಂದು ಸಣ್ಣ ಲೆಕ್ಕ ಮಾತ್ರ ಇದೆ, ಅದನ್ನು ಹಾರಿಸಿ ಓದಬೇಡಿ, ಈ ವಿಷಯದ ಅರ್ಧ ಗುಟ್ಟು ಅದರಲ್ಲೇ ಇದೆ.

ಐಲ್ಯಾಂಡ್ ಆರ್ಕ್ ಅಂದರೆ ಏನು?

ಸಾಗರದ ಒಂದು ಫಲಕ (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ಇನ್ನೊಂದರ ಕೆಳಗೆ ಜಾರಿ ಹೋಗುವ ಕಡೆ, ಮೇಲಿನ ಫಲಕದ ಮೇಲೆ ಕಮಾನಿನಂತೆ ಬಾಗಿದ ಜ್ವಾಲಾಮುಖಿ ದ್ವೀಪಗಳ ಸಾಲು ಏಳುತ್ತದೆ. ಅದೇ ಐಲ್ಯಾಂಡ್ ಆರ್ಕ್. ಮರಿಯಾನಾ, ಟೋಂಗಾ, ಅಲ್ಯೂಷಿಯನ್, ಕೆರಿಬಿಯನ್ ಕಡೆಯ ಲೆಸ್ಸರ್ ಆಂಟಿಲೀಸ್, ಇಂಡೋನೇಷ್ಯಾದ ಸುಂಡಾ, ಎಲ್ಲ ಇದೇ ಜಾತಿ. ನಿಕರಾಗುವಾ ಮತ್ತು ಕೋಸ್ಟರಿಕಾ ದ್ವೀಪಗಳಲ್ಲ ನಿಜ, ಆದರೆ ಕೆಳಗೆ ನಡೆಯುವ ಕೆಲಸ ಒಂದೇ. ಅದಕ್ಕೇ ಅವೂ ಇಲ್ಲಿ ಬರುತ್ತವೆ.

ಲಾವಾ ಭೂಮಿಯ ಒಳಗಿನಿಂದ ಬರುತ್ತದೆ ಅಂತ ಗೊತ್ತಿದೆ. ಮತ್ತೆ "ಮೂಲ ಹುಡುಕುವುದು" ಅಂದರೆ?

ಒಳಗಿನಿಂದ ಸರಿ, ಒಳಗೆ ಎಲ್ಲಿಂದ? ಆರ್ಕ್‌ನ ಕೆಳಗೆ ಕನಿಷ್ಠ ನಾಲ್ಕು ಕಡೆಯಿಂದ ಸಾಮಾನು ಬಂದು ಸೇರಬಹುದು. ಎರಡು ಫಲಕಗಳ ನಡುವೆ ಸಿಕ್ಕಿಕೊಂಡಿರುವ ಮ್ಯಾಂಟಲ್, ಅಂದರೆ ಹೊರಪದರದ ಕೆಳಗಿನ ದಪ್ಪ ಕಲ್ಲಿನ ಪದರ, ಒಂದು. ಕೆಳಗೆ ಹೋಗುತ್ತಿರುವ ಫಲಕದ ಬಸಾಲ್ಟ್ (ಕಪ್ಪು ಲಾವಾ ಕಲ್ಲು) ಎರಡನೆಯದು, ಅದು ಕೋಟ್ಯಂತರ ವರ್ಷ ಸಮುದ್ರದ ನೀರಿನಲ್ಲಿ ನೆಂದು ಬದಲಾಗಿರುತ್ತದೆ. ಆ ಬಸಾಲ್ಟ್ ಮೇಲೆ ಕೂತ ಸಮುದ್ರದ ಹೂಳು ಮೂರನೆಯದು. ಮ್ಯಾಗ್ಮಾ (ನೆಲದೊಳಗಿನ ಕರಗಿದ ಕಲ್ಲು) ಮೇಲೆ ಬರುವ ದಾರಿಯಲ್ಲಿ ಕರಗಿಸಿಕೊಂಡು ಬರುವ ಮೇಲಿನ ಹೊರಪದರ ನಾಲ್ಕನೆಯದು.

ಕೆಳಗೆ ಹೋದ ಫಲಕವೇ ಕರಗಿ ಲಾವಾ ಆಗುತ್ತದೆ ಅಂತ ಶಾಲೆಯ ಚಿತ್ರ ನೋಡಿದ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ಫಲಕದ ಮೇಲ್ಭಾಗ ಸುಮಾರು 100 ಕಿ.ಮೀ. ಆಳ ಮುಟ್ಟುವ ಹೊತ್ತಿಗೆ ಒತ್ತಡ ಮತ್ತು ಬಿಸಿಗೆ ತನ್ನೊಳಗಿನ ನೀರನ್ನು ಬಿಡುತ್ತದೆ. ಆ ನೀರು ಮೇಲಿನ ಮ್ಯಾಂಟಲ್‌ಗೆ ಸೇರಿದರೆ ಅದರ ಕರಗುವ ತಾಪ ಇಳಿಯುತ್ತದೆ. ಕರಗುವುದು ಹೆಚ್ಚಾಗಿ ಮ್ಯಾಂಟಲ್ಲೇ. ಫಲಕದಿಂದ ಬಂದ ನೀರು, ಸ್ವಲ್ಪ ಕರಗಿದ ಹೂಳು, ಅವುಗಳ ಜತೆ ಬಂದ ಧಾತುಗಳು ಅದರಲ್ಲಿ ಬೆರೆತಿರುತ್ತವೆ. ಯಾವುದು ಎಷ್ಟು ಬೆರೆತಿದೆ ಅನ್ನುವುದೇ ಜಗಳ.

ಸಾಮಾನ್ಯ ರಾಸಾಯನಿಕ ಪರೀಕ್ಷೆ ಸಾಲದಾ? ಐಸೊಟೋಪೇ ಯಾಕೆ ಬೇಕು?

ಸಾಲುವುದಿಲ್ಲ. ಕಲ್ಲು ಅರೆಬರೆ ಕರಗಿದಾಗ, ಮ್ಯಾಗ್ಮಾ ತಣ್ಣಗಾಗುತ್ತಾ ಹರಳು ಕಟ್ಟಿದಾಗ, ಧಾತುಗಳ ಪ್ರಮಾಣ ಏರುಪೇರಾಗುತ್ತದೆ. ಲಾವಾದಲ್ಲಿ ಸ್ಟ್ರಾನ್ಷಿಯಂ ಜಾಸ್ತಿ ಕಂಡರೆ ಮೂಲದಲ್ಲೇ ಜಾಸ್ತಿ ಇತ್ತಾ, ಇಲ್ಲ ಹರಳು ಬೇರ್ಪಟ್ಟು ಜಾಸ್ತಿಯಾಯಿತಾ ಅಂತ ಹೇಳುವುದು ಕಷ್ಟ. ಸ್ಟ್ರಾನ್ಷಿಯಂ-87 ಮತ್ತು ಸ್ಟ್ರಾನ್ಷಿಯಂ-86ರ ಅನುಪಾತ ಮಾತ್ರ ಈ ಗಲಾಟೆಯಲ್ಲಿ ಬದಲಾಗುವುದಿಲ್ಲ. ಎರಡೂ ಒಂದೇ ಧಾತು, ತೂಕದ ವ್ಯತ್ಯಾಸ ತೀರಾ ಕಡಿಮೆ, ಹರಳಿಗೆ ಅವೆರಡರ ನಡುವೆ ಭೇದ ಮಾಡಲು ಬರುವುದಿಲ್ಲ. ಮೂಲದಲ್ಲಿ ಎಷ್ಟಿತ್ತೋ ಲಾವಾದಲ್ಲೂ ಅಷ್ಟೇ.

ಈ ಅನುಪಾತ ಬದಲಾಗಲು ಎರಡೇ ದಾರಿ. ಒಂದು, ಬೇರೆ ಅನುಪಾತದ ಸಾಮಾನು ಬಂದು ಬೆರೆಯಬೇಕು. ಇನ್ನೊಂದು, ರುಬಿಡಿಯಂ-87 ವಿಕಿರಣ ಕ್ಷಯದಿಂದ ಸ್ಟ್ರಾನ್ಷಿಯಂ-87 ಆಗಲು ಬೇಕಾದಷ್ಟು ಕಾಲ ಸಿಗಬೇಕು. ರುಬಿಡಿಯಂ-87ರ ಅರ್ಧಾಯುಷ್ಯ (ಅರ್ಧ ಪಾಲು ಕ್ಷಯವಾಗಲು ಬೇಕಾದ ಕಾಲ) ಸುಮಾರು 4,900 ಕೋಟಿ ವರ್ಷ, ಅಂದರೆ ಭೂಮಿಯ ವಯಸ್ಸಿನ ಹತ್ತು ಪಟ್ಟಿಗಿಂತ ಜಾಸ್ತಿ. ನಿನ್ನೆ ಮೊನ್ನೆ ಉಕ್ಕಿದ ಲಾವಾದಲ್ಲಿ ಈ ಎರಡನೆಯ ದಾರಿಯನ್ನು ಮರೆತುಬಿಡಬಹುದು.

ಸರಿ, ಆ ಅನುಪಾತವನ್ನು ಓದುವುದು ಹೇಗೆ?

ಕೆಲವು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಸಾಗರದ ನಡುವಿನ ಏಣುಗಳಲ್ಲಿ ಬರುವ ಬಸಾಲ್ಟ್, ಅಂದರೆ ಹೆಚ್ಚು ಕಲಬೆರಕೆಯಾಗದ ಮ್ಯಾಂಟಲ್‌ನ ಮಾದರಿ, ಸ್ಟ್ರಾನ್ಷಿಯಂ ಅನುಪಾತದಲ್ಲಿ 0.7025ರ ಆಸುಪಾಸು. ಈಗಿನ ಸಮುದ್ರದ ನೀರು 0.7092. ಖಂಡಗಳಿಂದ ಕೊಚ್ಚಿ ಬಂದ ಹೂಳು ಇನ್ನೂ ಜಾಸ್ತಿ, 0.71, 0.72, ಕೆಲವೊಮ್ಮೆ ಅದಕ್ಕೂ ಮೇಲೆ. ಸಾಗರದ ನಡುವಿನ ಆರ್ಕ್ ಲಾವಾಗಳು ಬಹುಪಾಲು 0.703ರಿಂದ 0.7045ರ ಒಳಗೆ ಬೀಳುತ್ತವೆ. ಮ್ಯಾಂಟಲ್‌ಗಿಂತ ಸ್ವಲ್ಪ ಮೇಲೆ. ಏನೋ ಬೆರೆತಿದೆ ಅನ್ನುವುದು ಅಲ್ಲಿಗೆ ಖಚಿತ.

ಏನು ಬೆರೆತಿದೆ ಅಂತ ಸ್ಟ್ರಾನ್ಷಿಯಂ ಒಂದೇ ಹೇಳುವುದಿಲ್ಲ. ಸಮುದ್ರದ ನೀರು ಕುಡಿದ ಬಸಾಲ್ಟ್‌ನಿಂದಲೂ ಅನುಪಾತ ಏರುತ್ತದೆ, ಹೂಳಿನಿಂದಲೂ ಏರುತ್ತದೆ. ಇಲ್ಲಿ ನಿಯೋಡಿಮಿಯಂ ಬೇಕು. ಸಮುದ್ರದ ನೀರಿನಲ್ಲಿ ನಿಯೋಡಿಮಿಯಂ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಬಸಾಲ್ಟ್ ಎಷ್ಟೇ ನೆಂದರೂ ಅದರ ನಿಯೋಡಿಮಿಯಂ-143 ಮತ್ತು 144ರ ಅನುಪಾತ ಮ್ಯಾಂಟಲ್‌ನಂತೆಯೇ 0.5131ರ ಹತ್ತಿರ ಉಳಿಯುತ್ತದೆ. ಖಂಡದ ಹೂಳಿನಲ್ಲಿ ಅದು 0.512 ಚಿಲ್ಲರೆಗೆ ಇಳಿದಿರುತ್ತದೆ. ಸ್ಟ್ರಾನ್ಷಿಯಂ ಏರಿ ನಿಯೋಡಿಮಿಯಂ ಜಾಗ ಬಿಟ್ಟು ಕದಲದಿದ್ದರೆ ನೆಂದ ಬಸಾಲ್ಟ್‌ನಿಂದ ಬಂದ ನೀರಿನ ಮೇಲೆ ಅನುಮಾನ. ಸ್ಟ್ರಾನ್ಷಿಯಂ ಏರಿ ನಿಯೋಡಿಮಿಯಂ ಇಳಿದರೆ ಹೂಳಿನ ಮೇಲೆ ಅಥವಾ ಖಂಡದ ಹೊರಪದರದ ಮೇಲೆ ಅನುಮಾನ. ಗಮನಿಸಿ, ಅನುಮಾನ ಅಂದೆ. ಐಸೊಟೋಪ್ ಅನುಪಾತ ಯಾವತ್ತೂ "ಇವನೇ" ಅಂತ ಬೆರಳು ತೋರಿಸುವುದಿಲ್ಲ, "ಇವನಂತೂ ಅಲ್ಲ" ಅಂತ ಒಬ್ಬೊಬ್ಬರನ್ನೇ ಪಟ್ಟಿಯಿಂದ ತೆಗೆಯುತ್ತದೆ.

ಹಾಗಾದರೆ ಲಾವಾದಲ್ಲಿ ಹೂಳು ಎಷ್ಟಿರುತ್ತದೆ? ಅರ್ಧದಷ್ಟು?

ಅಯ್ಯೋ ಇಲ್ಲ. ಸಾಮಾನ್ಯವಾಗಿ ಮೂಲದಲ್ಲಿ ಒಂದೆರಡು ಪರ್ಸೆಂಟ್, ಎಷ್ಟೋ ಕಡೆ ಒಂದಕ್ಕಿಂತ ಕಡಿಮೆ. ಆ ಲೆಕ್ಕ ಇಲ್ಲಿದೆ.

ಪ್ರಪಂಚದ ಕಂದಕಗಳಿಗೆ (ಫಲಕ ಕೆಳಗೆ ಜಾರುವ ಕಡೆಯ ಆಳವಾದ ಸಮುದ್ರತಳಕ್ಕೆ) ಇಳಿಯುವ ಹೂಳಿನ ಸರಾಸರಿಯನ್ನು ಪ್ಲ್ಯಾಂಕ್ ಮತ್ತು ಲ್ಯಾಂಗ್‌ಮುಯಿರ್ 1998ರಲ್ಲಿ ಲೆಕ್ಕ ಹಾಕಿ ಕೊಟ್ಟರು, ಅದಕ್ಕೆ ಗ್ಲಾಸ್ ಅಂತ ಅಡ್ಡಹೆಸರು. ಅದರಲ್ಲಿ ಸ್ಟ್ರಾನ್ಷಿಯಂ ಸುಮಾರು 327 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 327 ಪಾಲು), ಅನುಪಾತ ಸುಮಾರು 0.717. ಮ್ಯಾಂಟಲ್‌ನಲ್ಲಿ ಸ್ಟ್ರಾನ್ಷಿಯಂ ಸುಮಾರು 7.7 ಪಿಪಿಎಂ, ಅನುಪಾತ 0.7026 ಅಂತ ಇಟ್ಟುಕೊಳ್ಳಿ. ನೂರು ಪಾಲಿನಲ್ಲಿ ಒಂದು ಪಾಲು ಹೂಳು ಬೆರೆಸಿದರೆ, ಹೂಳಿನಿಂದ ಬಂದ ಸ್ಟ್ರಾನ್ಷಿಯಂ 3.3, ಮ್ಯಾಂಟಲ್‌ನದು 7.6. ಅಂದರೆ ಹೂಳು ಬರೀ ಒಂದು ಪರ್ಸೆಂಟ್ ಇದ್ದರೂ ಸ್ಟ್ರಾನ್ಷಿಯಂನಲ್ಲಿ ಸುಮಾರು 30 ಪರ್ಸೆಂಟ್ ಅದರದ್ದೇ. ಮಿಶ್ರಣದ ಅನುಪಾತ 0.707ಕ್ಕೆ ಹಾರುತ್ತದೆ. ಇದು ಸಾಗರದ ಆರ್ಕ್ ಲಾವಾಗಳಲ್ಲಿ ನಾವು ನೋಡುವುದಕ್ಕಿಂತ ತುಂಬಾ ಜಾಸ್ತಿ. 0.2 ಪರ್ಸೆಂಟ್ ಹೂಳು ಬೆರೆಸಿ ನೋಡಿ, 0.7038ರ ಹತ್ತಿರ ಬರುತ್ತದೆ. ಅದು ನಿಜವಾದ ಲಾವಾಗಳ ಸಂಖ್ಯೆ.

ಸೀಸದ್ದು ಇನ್ನೂ ಅತಿರೇಕ. ಹೂಳಿನಲ್ಲಿ ಸುಮಾರು 20 ಪಿಪಿಎಂ, ಮ್ಯಾಂಟಲ್‌ನಲ್ಲಿ 0.02 ಕೂಡ ಇಲ್ಲ. ಒಂದು ಪರ್ಸೆಂಟ್ ಹೂಳು ಬಿದ್ದರೆ ಸೀಸದಲ್ಲಿ 90 ಪರ್ಸೆಂಟ್‌ಗೂ ಜಾಸ್ತಿ ಹೂಳಿನದ್ದು. ಉಪ್ಪು ಹಾಕದ ಸಾರಿಗೆ ಅರ್ಧ ಚಮಚ ಉಪ್ಪಿನಕಾಯಿ ರಸ ಬಿದ್ದರೆ ಸಾರು ಹೆಚ್ಚುವುದಿಲ್ಲ, ಆದರೆ ಅದರಲ್ಲಿರುವ ಉಪ್ಪೆಲ್ಲ ಉಪ್ಪಿನಕಾಯಿಯದ್ದೇ, ಅಲ್ವಾ? ಅದಕ್ಕೇ "ಈ ಲಾವಾದ ಸೀಸ ಪೂರ್ತಿ ಹೂಳಿನದು" ಅನ್ನುವುದೂ "ಈ ಲಾವಾ ಪೂರ್ತಿ ಮ್ಯಾಂಟಲ್‌ನದು" ಅನ್ನುವುದೂ ಒಂದೇ ಕಲ್ಲಿನ ಬಗ್ಗೆ ಒಟ್ಟಿಗೆ ನಿಜ ಆಗಬಹುದು. ಇದು ತಲೆಗೆ ಹೋಗದೆ ಎಷ್ಟು ವಾದಗಳು ನಡೆದಿವೆಯೋ.

ಹೂಳು ನಿಜವಾಗಿ ಕೆಳಗೆ ಹೋಗಿ ಮೇಲೆ ಬಂದಿದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆಯಾ?

ಇದೆ, ಬೆರಿಲಿಯಂ-10. ನನ್ನ ಮಟ್ಟಿಗೆ ಇಡೀ ಭೂರಸಾಯನಶಾಸ್ತ್ರದಲ್ಲೇ ಇದಕ್ಕಿಂತ ಚೆಂದದ ವಾದ ಇನ್ನೊಂದಿಲ್ಲ.

ರಿಚರ್ಡ್ ಲೀ ಆರ್ಮ್‌ಸ್ಟ್ರಾಂಗ್ 1968ರಲ್ಲೇ ಸ್ಟ್ರಾನ್ಷಿಯಂ ಮತ್ತು ಸೀಸ ಹಿಡಿದು, ಖಂಡದ ಹೂಳು ಮ್ಯಾಂಟಲ್‌ಗೆ ಇಳಿದು ಮತ್ತೆ ಸುತ್ತಿ ಬರುತ್ತದೆ ಅಂದಿದ್ದರು. ಒಪ್ಪದವರು ಬಹಳ ಜನ. ಅಷ್ಟು ಹಗುರವಾದ, ಮೆತ್ತಗಿನ ಕೆಸರು 100 ಕಿ.ಮೀ. ಆಳಕ್ಕೆ ಹೋಗುವುದುಂಟೇ, ಕಂದಕದ ಬಾಯಲ್ಲೇ ಹೆರೆದು ಹೋಗುತ್ತದೆ ಅಂತ ವಾದ. ಅನುಪಾತಗಳನ್ನು ಬೇರೆ ರೀತಿಯಲ್ಲೂ ವಿವರಿಸಬಹುದಿತ್ತು, ಹಳೆಯ ವಿಚಿತ್ರ ಮ್ಯಾಂಟಲ್ ಅನ್ನಬಹುದಿತ್ತು, ಮೇಲಿನ ಹೊರಪದರ ಕಲೆತಿದೆ ಅನ್ನಬಹುದಿತ್ತು.

ಬೆರಿಲಿಯಂ-10 ಹುಟ್ಟುವುದು ಆಕಾಶದಲ್ಲಿ. ವಿಶ್ವಕಿರಣಗಳು ಗಾಳಿಯ ಸಾರಜನಕ, ಆಮ್ಲಜನಕದ ಪರಮಾಣುಗಳನ್ನು ಒಡೆದಾಗ ಚೂರುಚೂರಾಗಿ ಅದು ಹುಟ್ಟುತ್ತದೆ, ಮಳೆಯ ಜತೆ ಇಳಿಯುತ್ತದೆ, ಸಮುದ್ರದ ತಳದ ಹೂಳಿಗೆ ಅಂಟಿಕೊಳ್ಳುತ್ತದೆ. ಅದರ ಅರ್ಧಾಯುಷ್ಯ ಸುಮಾರು 13.9 ಲಕ್ಷ ವರ್ಷ. ಭೂಮಿ ಹುಟ್ಟಿದಾಗ ಇದ್ದದ್ದೆಲ್ಲ ಯಾವಾಗಲೋ ಖಾಲಿ. ಮ್ಯಾಂಟಲ್‌ನಲ್ಲಿ ಇದು ಇರಲೇಬಾರದು. ಲಾವಾದಲ್ಲಿ ಸಿಕ್ಕಿತು ಅಂದರೆ ಅದು ಮೇಲಿನಿಂದ ಕೆಳಗೆ ಹೋಗಿ ತಿರುಗಿ ಬಂದದ್ದೇ ಆಗಬೇಕು, ಅದೂ ಸುಮಾರು ಒಂದು ಕೋಟಿ ವರ್ಷದೊಳಗೆ.

1980ರ ದಶಕದಲ್ಲಿ ಅಳೆದರು, ಸಿಕ್ಕಿತು. ಸಾಗರದ ಏಣುಗಳ ಬಸಾಲ್ಟ್‌ನಲ್ಲಿ, ಹವಾಯಿಯಂಥ ಕಡೆಯ ಲಾವಾಗಳಲ್ಲಿ ಒಂದು ಗ್ರಾಂಗೆ 10 ಲಕ್ಷ ಪರಮಾಣುಗಳಿಗಿಂತ ಕಡಿಮೆ, ಅದು ಹಿನ್ನೆಲೆ ಸದ್ದು ಅಷ್ಟೇ. ನಿಕರಾಗುವಾದ ಕೆಲವು ಲಾವಾಗಳಲ್ಲಿ ಸುಮಾರು 2 ಕೋಟಿ. ಕೇಳಲು ದೊಡ್ಡ ಸಂಖ್ಯೆ, ಆದರೆ ಒಂದು ಗ್ರಾಂ ಬಸಾಲ್ಟ್‌ನಲ್ಲಿ ಒಟ್ಟು ಪರಮಾಣುಗಳು ಎರಡರ ಮುಂದೆ 22 ಸೊನ್ನೆ ಇಟ್ಟಷ್ಟು ಇವೆ. ಅದರಲ್ಲಿ 2 ಕೋಟಿಯನ್ನು ಎಣಿಸುವುದು ಆಕ್ಸೆಲರೇಟರ್ ಮಾಸ್ ಸ್ಪೆಕ್ಟ್ರೋಮೀಟರ್ (ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರ) ಬಂದ ಮೇಲಷ್ಟೇ ಸಾಧ್ಯವಾಯಿತು.

ನಿಕರಾಗುವಾದಲ್ಲೇ ಯಾಕೆ ಇಷ್ಟು ಜಾಸ್ತಿ? ಅಲ್ಲಿ ಕೋಕೋಸ್ ಫಲಕ ವರ್ಷಕ್ಕೆ ಸುಮಾರು 8 ಸೆಂ.ಮೀ. ವೇಗದಲ್ಲಿ ಇಳಿಯುತ್ತದೆ. ಕಂದಕದಿಂದ ಜ್ವಾಲಾಮುಖಿಯ ಕೆಳಗಿನವರೆಗೆ ಫಲಕದ ಉದ್ದಕ್ಕೆ 200 ಕಿ.ಮೀ. ಅಂದುಕೊಂಡರೆ 25 ಲಕ್ಷ ವರ್ಷದ ಪ್ರಯಾಣ. ಅಷ್ಟರಲ್ಲಿ ಬೆರಿಲಿಯಂ-10ರಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆ ಉಳಿದಿರುತ್ತದೆ. ಫಲಕ ನಿಧಾನವಾಗಿದ್ದರೆ ದಾರಿಯಲ್ಲೇ ಸತ್ತುಹೋಗುತ್ತಿತ್ತು. ಇನ್ನೊಂದು ಮುಖ್ಯ ವಿಷಯ, ಬೆರಿಲಿಯಂ-10 ಇರುವುದು ಹೂಳಿನ ಮೇಲಿನ, ಎಳೆಯ ಪದರದಲ್ಲಿ ಮಾತ್ರ. ಅದು ಲಾವಾಕ್ಕೆ ಬಂದಿದೆ ಅಂದರೆ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮೆತ್ತಗಿನ ಪದರವೂ ಹೆರೆದು ಹೋಗದೆ ಕೆಳಗೆ ಹೋಗಿದೆ. ಹೋಗುವುದೇ ಇಲ್ಲ ಅಂತ ಅಂದವರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇಕಾ?

ಆ ಬೆರಿಲಿಯಂ ಮಳೆಯಿಂದ ಲಾವಾ ಮೇಲೆ ಬಿದ್ದಿರಬಹುದಲ್ವಾ?

ಒಳ್ಳೆಯ ಪ್ರಶ್ನೆ. ಇದನ್ನು ಕೇಳದವರು ನಂಬುವ ಮುಂಚೆ ಇನ್ನೊಮ್ಮೆ ಯೋಚಿಸಬೇಕು.

ಎರಡು ಉತ್ತರ ಇದೆ. ಮೊದಲನೆಯದು, ಇತಿಹಾಸಕಾಲದಲ್ಲಿ ಉಕ್ಕಿದ, ಸಾಧ್ಯವಾದರೆ ಬಿದ್ದು ಸ್ವಲ್ಪವೇ ಕಾಲವಾದ ಲಾವಾ ಆರಿಸುತ್ತಾರೆ, ಕೊಳೆತ ಹೊರಮೈ ತೆಗೆದು ಒಳಗಿನ ಗಟ್ಟಿ ಕಲ್ಲು ಬಳಸುತ್ತಾರೆ. ಎರಡನೆಯದು ಹೆಚ್ಚು ಜಾಣತನದ್ದು. ಕಲ್ಲಿನೊಳಗಿನ ಹರಳುಗಳನ್ನು ಬೇರೆ ಬೇರೆ ಮಾಡಿ ಅಳೆಯುತ್ತಾರೆ. ಮಳೆಯಿಂದ ಬಂದದ್ದಾದರೆ ಹರಳುಗಳ ನಡುವಿನ ಸಂದಿಯಲ್ಲಿ ಇರಬೇಕು. ಮ್ಯಾಗ್ಮಾದಲ್ಲೇ ಇದ್ದದ್ದಾದರೆ ಪ್ರತಿ ಹರಳಿನಲ್ಲೂ ಬೆರಿಲಿಯಂ-10 ಮತ್ತು ಸಾಮಾನ್ಯ ಬೆರಿಲಿಯಂ-9ರ ಅನುಪಾತ ಒಂದೇ ಇರಬೇಕು. ಅಲ್ಯೂಷಿಯನ್ ಸಾಲಿನ ಬೊಗೊಸ್ಲೋಫ್ ಜ್ವಾಲಾಮುಖಿಯ ಹರಳುಗಳ ಮೇಲೆ 1980ರ ದಶಕದಲ್ಲಿ ಈ ಪರೀಕ್ಷೆ ಮಾಡಿದರು. ಬೆರಿಲಿಯಂ-10 ಮ್ಯಾಗ್ಮಾದ್ದೇ ಅಂತ ತೀರ್ಮಾನ ಬಂತು.

ಬೆರಿಲಿಯಂ-10 ಸಿಗದಿದ್ದರೆ ಹೂಳು ಇಲ್ಲ ಅಂತಾನಾ?

ಅಲ್ಲ! ಇದು ಪರೀಕ್ಷೆಯಲ್ಲೂ ಸಂಶೋಧನೆಯಲ್ಲೂ ಜನ ಜಾರುವ ಜಾಗ. ಬೆರಿಲಿಯಂ-10 ಸಿಕ್ಕರೆ ಹೂಳು ಇದೆ. ಸಿಗದಿದ್ದರೆ ಏನೂ ಗೊತ್ತಾಗಿಲ್ಲ ಅಷ್ಟೇ.

ಮರಿಯಾನಾ ನೋಡಿ. ಅಲ್ಲಿ ಇಳಿಯುವ ಪೆಸಿಫಿಕ್ ಫಲಕ 15 ಕೋಟಿ ವರ್ಷಕ್ಕೂ ಹಳೆಯದು, ನೆಲದಿಂದ ಬಹು ದೂರ, ಅದರ ಮೇಲೆ ಹೂಳು ತುಂಬಾ ನಿಧಾನವಾಗಿ ಕೂರುತ್ತದೆ. ಹಾಗಾಗಿ ಬೆರಿಲಿಯಂ-10 ಇರುವ ಎಳೆಯ ಪದರ ತೀರಾ ತೆಳು. ಮರಿಯಾನಾ ಲಾವಾಗಳಲ್ಲಿ ಬೆರಿಲಿಯಂ-10 ಹೆಚ್ಚುಕಡಿಮೆ ಇಲ್ಲ. ಆದರೆ ಸೀಸ, ನಿಯೋಡಿಮಿಯಂ, ಥೋರಿಯಂ ಮೂರೂ ಹೂಳು ಇದೆ ಅನ್ನುತ್ತವೆ. 1997ರಲ್ಲಿ ಟಿಮ್ ಎಲಿಯಟ್ ಮತ್ತು ಜತೆಗಾರರು ಮರಿಯಾನಾಗೆ ಫಲಕದಿಂದ ಎರಡು ಬೇರೆ ಬೇರೆ ಸಾಮಾನು ಬರುತ್ತಿದೆ ಅಂತ ತೋರಿಸಿದರು. ನೆಂದ ಬಸಾಲ್ಟ್‌ನಿಂದ ನೀರು, ಹೂಳಿನಿಂದ ಕರಗಿದ ದ್ರವ. ಎರಡೂ ದ್ವೀಪದಿಂದ ದ್ವೀಪಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ.

ಕೋಸ್ಟರಿಕಾದ ಕಥೆ ಇನ್ನೂ ಮಜಾ. ನಿಕರಾಗುವಾದ ಪಕ್ಕದ ದೇಶ, ಇಳಿಯುವುದು ಅದೇ ಕೋಕೋಸ್ ಫಲಕ, ಆದರೂ ಲಾವಾದಲ್ಲಿ ಬೆರಿಲಿಯಂ-10 ಇಲ್ಲದಷ್ಟು ಕಡಿಮೆ. ಮೇಲಿನ ಹೂಳು ಕಂದಕದಲ್ಲೇ ಹೆರೆದು ಹೋಗಿರಬೇಕು ಅಂತ ಸುಲಭದ ವಿವರಣೆ. 1996ರಲ್ಲಿ ಓಷನ್ ಡ್ರಿಲ್ಲಿಂಗ್ ಪ್ರೋಗ್ರಾಂನ ಲೆಗ್ 170 (ಸಮುದ್ರತಳ ಕೊರೆಯುವ ಯೋಜನೆಯ ಒಂದು ಹಡಗು ಯಾನ) ಅಲ್ಲಿಗೆ ಹೋಗಿ ಕೊರೆದು ನೋಡಿತು. ನಿಕೋಯಾ ಪರ್ಯಾಯ ದ್ವೀಪದ ಎದುರು ಸುಮಾರು 400 ಮೀಟರ್ ಹೂಳು ಪೂರ್ತಿಗೆ ಪೂರ್ತಿ ಕೆಳಗೆ ಹೋಗುತ್ತಿತ್ತು, ಕಂದಕದ ಬಾಯಲ್ಲಿ ಏನೂ ಹೆರೆದಿರಲಿಲ್ಲ. ಸುಲಭದ ವಿವರಣೆ ಬಿದ್ದುಹೋಯಿತು. ಈಗ ಉಳಿದಿರುವ ಸಾಧ್ಯತೆಗಳು: ಇನ್ನೂ ಒಳಗೆ ಹೋದ ಮೇಲೆ ಮೇಲಿನ ಪದರ ಕಿತ್ತು ಮೇಲಿನ ಫಲಕದ ತಳಕ್ಕೆ ಅಂಟಿಕೊಂಡಿರಬಹುದು, ಇಲ್ಲ ಮೇಲಿನ ಫಲಕದ ಅಂಚೇ ಸವೆದು ಕೆಳಗೆ ಹೋಗಿ ಹೂಳನ್ನು ತೆಳುಮಾಡಿರಬಹುದು. ಲಾವಾ ಅಳೆದರೆ ಸಾಲದು, ಕಂದಕವನ್ನೂ ಕೊರೆಯಬೇಕು ಅಂತ ನಾನು ಹೇಳುವುದು ಇದಕ್ಕೇ.

ಮ್ಯಾಗ್ಮಾ ಮೇಲೆ ಬರುವಾಗ ಹೊರಪದರವನ್ನು ಕರಗಿಸಿಕೊಂಡು ಬಂದಿದ್ದರೆ? ಅದೂ ಹೂಳಿನ ಹಾಗೆಯೇ ಕಾಣುವುದಿಲ್ವಾ?

ಕಾಣುತ್ತದೆ, ಅದೇ ತಲೆನೋವು. ಲೆಸ್ಸರ್ ಆಂಟಿಲೀಸ್ ಇದಕ್ಕೆ ಹೆಸರುವಾಸಿ. ಅಟ್ಲಾಂಟಿಕ್ ಫಲಕ ಅಲ್ಲಿ ವರ್ಷಕ್ಕೆ ಸುಮಾರು 2 ಸೆಂ.ಮೀ. ಇಳಿಯುತ್ತದೆ. ದಕ್ಷಿಣದಲ್ಲಿ ಒರಿನೋಕೋ ನದಿ ದಕ್ಷಿಣ ಅಮೆರಿಕದ ಹಳೆಯ ಖಂಡದ ಮಣ್ಣನ್ನು ತಂದು ಸುರಿಯುತ್ತದೆ, ಹೂಳು ಕಿಲೋಮೀಟರ್‌ಗಟ್ಟಲೆ ದಪ್ಪ. ಹೆರೆದು ಗುಡ್ಡೆಯಾದ ಹೂಳಿನ ತುದಿಯೇ ಬಾರ್ಬಡೋಸ್ ದ್ವೀಪ. ಉತ್ತರಕ್ಕೆ ಹೋದಂತೆ ಹೂಳು ತೆಳುವಾಗುತ್ತದೆ. ಲಾವಾಗಳ ಐಸೊಟೋಪ್ ಕೂಡ ಹಾಗೆಯೇ. ಉತ್ತರದ ದ್ವೀಪಗಳು ಸಾಮಾನ್ಯ ಆರ್ಕ್‌ನಂತೆ, ಮಾರ್ಟಿನಿಕ್‌ನಿಂದ ದಕ್ಷಿಣಕ್ಕೆ ಸ್ಟ್ರಾನ್ಷಿಯಂ, ಸೀಸ ಎರಡೂ ಖಂಡದ ಕಡೆಗೆ ವಾಲುತ್ತವೆ. 1902ರಲ್ಲಿ ಸಾಂ-ಪಿಯೆರ್ ಊರನ್ನು ಸುಟ್ಟು ಸುಮಾರು 28,000 ಜನರನ್ನು ಕೊಂದ ಮೌಂಟ್ ಪೆಲೇ ಇರುವುದು ಮಾರ್ಟಿನಿಕ್‌ನಲ್ಲೇ.

ಹೂಳು ಮೂಲದಲ್ಲೇ ಬೆರೆತಿತ್ತು ಅಂತ ಒಂದು ಗುಂಪು. ಇಲ್ಲ, ಆರ್ಕ್‌ನ ಹೊರಪದರದೊಳಗೇ ಹಳೆಯ ಹೂಳು ಸೇರಿಕೊಂಡಿದೆ, ಮ್ಯಾಗ್ಮಾ ಅದನ್ನು ದಾರಿಯಲ್ಲಿ ಕರಗಿಸಿಕೊಂಡಿದೆ ಅಂತ ಇನ್ನೊಂದು ಗುಂಪು. ಇಲ್ಲಿ ಆಮ್ಲಜನಕ ಸಹಾಯಕ್ಕೆ ಬರುತ್ತದೆ. ಯಾವ ಕಲ್ಲೇ ಆಗಲಿ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಆಮ್ಲಜನಕವೇ. ಸೀಸದಂತೆ ಹೂಳಿಗೆ ಇಲ್ಲಿ ಅತಿ ತೂಕ ಸಿಗುವುದಿಲ್ಲ. ಮೂಲದಲ್ಲಿ 2 ಪರ್ಸೆಂಟ್ ಹೂಳು ಬೆರೆತರೆ ಆಮ್ಲಜನಕ-18ರ ಸಂಖ್ಯೆ ಅಲುಗಾಡಿದರೂ ಕಾಣದಷ್ಟು. ಮೇಲೆ ಹೊರಪದರದಲ್ಲಿ, ಸ್ಟ್ರಾನ್ಷಿಯಂ ಈಗಾಗಲೇ ತುಂಬಿಕೊಂಡಿರುವ ಮ್ಯಾಗ್ಮಾದ ಅನುಪಾತವನ್ನು ಅಷ್ಟೇ ಏರಿಸಬೇಕಾದರೆ ಹತ್ತಿಪ್ಪತ್ತು ಪರ್ಸೆಂಟ್ ಕರಗಿಸಿಕೊಳ್ಳಬೇಕು, ಆಗ ಆಮ್ಲಜನಕ ಎದ್ದು ಕಾಣುವಂತೆ ಬದಲಾಗುತ್ತದೆ. ಸಮುದ್ರದ ನೀರಿನ ಮಾನಕಕ್ಕಿಂತ ಆಮ್ಲಜನಕ-18 ಎಷ್ಟು ಜಾಸ್ತಿ ಅಂತ ಅಳೆದರೆ ಮ್ಯಾಂಟಲ್‌ನ ಆಲಿವಿನ್ ಹರಳು ಸಾವಿರಕ್ಕೆ 5.2ರ ಹತ್ತಿರ ಇರುತ್ತದೆ, ಹೂಳು 15, 20 ಹೀಗೆ.

ಇನ್ನೊಂದು ಅಗ್ಗದ ಪರೀಕ್ಷೆ ಇದೆ. ಒಂದೇ ಜ್ವಾಲಾಮುಖಿಯ ಬೇರೆ ಬೇರೆ ಲಾವಾ ತೆಗೆದುಕೊಳ್ಳಿ. ಸಿಲಿಕಾ ಏರಿದಂತೆ ಸ್ಟ್ರಾನ್ಷಿಯಂ ಅನುಪಾತವೂ ಏರುತ್ತಾ ಹೋದರೆ ದಾರಿಯಲ್ಲಿ ಏನೋ ತಿಂದಿದೆ ಅಂತ ಅರ್ಥ, ಯಾಕೆಂದರೆ ಬರೀ ತಣ್ಣಗಾಗಿ ಹರಳು ಕಟ್ಟಿದರೆ ಅನುಪಾತ ಅಲುಗಾಡಬಾರದು. ಆಂಟಿಲೀಸ್‌ನಲ್ಲಿ ಎರಡೂ ನಡೆದಿದೆ ಅನ್ನುವುದು ಈಗ ಬಹುಪಾಲು ಜನರ ಅಭಿಪ್ರಾಯ. ಯಾವುದು ಎಷ್ಟು ಅನ್ನುವುದರಲ್ಲಿ ಮಾತ್ರ ಇನ್ನೂ ಒಮ್ಮತ ಇಲ್ಲ.

ನೀರು ಫಲಕ ಬಿಟ್ಟು ಲಾವಾ ಆಗಿ ಹೊರಬರಲು ಎಷ್ಟು ಕಾಲ ಬೇಕು?

ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಯುರೇನಿಯಂ-238 ಸೀಸವಾಗುವ ದಾರಿಯಲ್ಲಿ ಥೋರಿಯಂ-230, ರೇಡಿಯಂ-226 ಬರುತ್ತವೆ. ಕಲ್ಲನ್ನು ಮುಟ್ಟದೆ ಬಿಟ್ಟರೆ ಎಲ್ಲವೂ ಒಂದು ಸಮತೋಲನಕ್ಕೆ ಬರುತ್ತವೆ. ಫಲಕದಿಂದ ಬರುವ ನೀರು ಯುರೇನಿಯಂ, ರೇಡಿಯಂ ಎರಡನ್ನೂ ಸುಲಭವಾಗಿ ಹೊತ್ತು ತರುತ್ತದೆ, ಥೋರಿಯಂ ಅನ್ನು ತರುವುದಿಲ್ಲ. ಸಮತೋಲನ ಕೆಡುತ್ತದೆ, ಗಡಿಯಾರ ಶುರುವಾಗುತ್ತದೆ.

ಥೋರಿಯಂ-230ರ ಅರ್ಧಾಯುಷ್ಯ ಸುಮಾರು 75,600 ವರ್ಷ, ರೇಡಿಯಂ-226ರದ್ದು ಬರೀ 1,600. ಟೋಂಗಾ ಸಾಲಿನ ಲಾವಾಗಳಲ್ಲಿ ರೇಡಿಯಂ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ ಸೈಮನ್ ಟರ್ನರ್ ಮತ್ತು ಜತೆಗಾರರು 2001ರಲ್ಲಿ ತೋರಿಸಿದರು. ಸುಮಾರು 8,000 ವರ್ಷ ಕಳೆದರೆ ಆ ಹೆಚ್ಚುವರಿ ಅಳಿಸಿಹೋಗುತ್ತದೆ. ಅಂದರೆ 100 ಕಿ.ಮೀ. ಆಳದಿಂದ ಮೇಲಕ್ಕೆ ಕೆಲವೇ ಸಾವಿರ ವರ್ಷದಲ್ಲಿ ಬಂದಿದೆ. ವರ್ಷಕ್ಕೆ ಹತ್ತಾರು ಮೀಟರ್, ಬಹುಶಃ ಅದಕ್ಕೂ ಜಾಸ್ತಿ. ಕಲ್ಲಿನ ರಂಧ್ರಗಳಲ್ಲಿ ತೊಟ್ಟಿಕ್ಕುತ್ತಾ ಬಂದರೆ ಇಷ್ಟು ವೇಗ ಆಗುವುದಿಲ್ಲ, ಯಾವುದೋ ಕಾಲುವೆಯಲ್ಲಿ ಹರಿದಿರಬೇಕು. ಆದರೆ ಅಂಥ ಲಾವಾಗಳಲ್ಲೇ ಯುರೇನಿಯಂ-ಥೋರಿಯಂ ಗಡಿಯಾರ ಹತ್ತಾರು ಸಾವಿರ ವರ್ಷ ಅನ್ನುತ್ತದೆ. ನೀರು ಒಂದೇ ಸಲ ಬರದೆ ಕಂತಿನಲ್ಲಿ ಬಂದಿದೆ, ರೇಡಿಯಂ ಕೊನೆಯ ಕಂತನ್ನು ಮಾತ್ರ ನೆನಪಿಟ್ಟುಕೊಂಡಿದೆ ಅನ್ನುವುದು ಒಂದು ವಿವರಣೆ. ಎಲ್ಲರೂ ಒಪ್ಪಿಲ್ಲ.

ಬೋರಾನ್ ಯಾಕೆ ಇಷ್ಟು ಸುದ್ದಿ ಮಾಡುತ್ತದೆ?

ನೀರಿನ ಜತೆ ಓಡುವ ಧಾತು ಅದು, ಮ್ಯಾಂಟಲ್‌ನಲ್ಲಿ ಇಲ್ಲದಷ್ಟು ಕಡಿಮೆ, ಐಸೊಟೋಪ್ ವ್ಯತ್ಯಾಸವೂ ದೊಡ್ಡದು. ಒಂದು ಮಾನಕಕ್ಕೆ ಹೋಲಿಸಿದರೆ ಮ್ಯಾಂಟಲ್ ಸಾವಿರಕ್ಕೆ ಮೈನಸ್ 7ರ ಹತ್ತಿರ, ಸಮುದ್ರದ ನೀರು ಪ್ಲಸ್ 39.6. ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳಂಥ ಕಡೆ ಲಾವಾ ಪ್ಲಸ್ 15 ದಾಟುತ್ತದೆ, ಅಷ್ಟು ಜಾಸ್ತಿ ಬರಲು ಸರ್ಪೆಂಟಿನೈಟ್, ಅಂದರೆ ಸಮುದ್ರದ ನೀರು ಕುಡಿದ ಮ್ಯಾಂಟಲ್ ಕಲ್ಲು ಬೇಕು ಅನ್ನುತ್ತಾರೆ.

ನಮ್ಮ ಬ್ಯಾರನ್ ದ್ವೀಪದ ಲಾವಾ ಏನು ಹೇಳುತ್ತದೆ?

ಪೋರ್ಟ್ ಬ್ಲೇರ್‌ನಿಂದ, ಈಗಿನ ಶ್ರೀ ವಿಜಯಪುರಂನಿಂದ, ಈಶಾನ್ಯಕ್ಕೆ ಸುಮಾರು 138 ಕಿ.ಮೀ. ದೂರದಲ್ಲಿರುವ ಬ್ಯಾರನ್ ಭಾರತದ ಒಂದೇ ಒಂದು ಜೀವಂತ ಜ್ವಾಲಾಮುಖಿ. 1787ರಲ್ಲಿ ಉಕ್ಕಿದ್ದು ದಾಖಲಾಗಿದೆ, 19ನೇ ಶತಮಾನದಿಂದ ತಣ್ಣಗಿದ್ದು 1991ರಲ್ಲಿ ಮತ್ತೆ ಎದ್ದಿತು, ಆಮೇಲೆ ಆಗಾಗ ಉಕ್ಕುತ್ತಲೇ ಇದೆ. ಅದರ ಕೆಳಗೆ ಇಳಿಯುತ್ತಿರುವುದು ಭಾರತ ಫಲಕ.

ಈಗ ಯೋಚಿಸಿ. ಆ ಫಲಕದ ಮೇಲೆ ಕೂತಿರುವುದು ಬಂಗಾಳ ಕೊಲ್ಲಿಯ ಹೂಳು, ಪ್ರಪಂಚದ ಅತಿ ದೊಡ್ಡ ಸಮುದ್ರತಳದ ಹೂಳಿನ ರಾಶಿ, ಗಂಗೆ ಮತ್ತು ಬ್ರಹ್ಮಪುತ್ರ ಹಿಮಾಲಯದಿಂದ ಕೊಚ್ಚಿ ತಂದದ್ದು. ಅದರ ಸ್ಟ್ರಾನ್ಷಿಯಂ ಅನುಪಾತ 0.72ಕ್ಕೂ ಮೇಲೆ. ಮೇಲಿನ ಲೆಕ್ಕದ ಪ್ರಕಾರ ಅರ್ಧ ಪರ್ಸೆಂಟ್ ಬಿದ್ದರೂ ಲಾವಾ 0.705 ದಾಟಬೇಕು. ಆದರೆ ಬ್ಯಾರನ್ ಲಾವಾ 0.704ರ ಆಸುಪಾಸು. ಅಷ್ಟು ದೊಡ್ಡ ರಾಶಿ ಪಕ್ಕದಲ್ಲೇ ಇದ್ದರೂ ಲಾವಾಕ್ಕೆ ಬಂದದ್ದು ಚಿಟಿಕೆಯಷ್ಟು. ಬಹುಪಾಲು ಎಲ್ಲಿ ಹೋಯಿತು? ಅಂಡಮಾನ್-ನಿಕೋಬಾರ್ ದ್ವೀಪಗಳೇ ಅದಕ್ಕೆ ಒಂದು ಉತ್ತರ. ಅವು ಜ್ವಾಲಾಮುಖಿಗಳಲ್ಲ, ಫಲಕದಿಂದ ಹೆರೆದ ಹೂಳು ಮತ್ತು ಸಾಗರದ ತಳದ ಕಲ್ಲು ಗುಡ್ಡೆಯಾಗಿ ಮೇಲೆದ್ದ ಏಣು. ಬ್ಯಾರನ್‌ನ ಉತ್ತರಕ್ಕಿರುವ ನಾರ್ಕೊಂಡಂ ಲಾವಾದಲ್ಲಿ ಸ್ಟ್ರಾನ್ಷಿಯಂ ಅನುಪಾತ ಬ್ಯಾರನ್‌ಗಿಂತ ಜಾಸ್ತಿ, ಸಿಲಿಕಾವೂ ಜಾಸ್ತಿ. ಹಿಂದಿನ ಪ್ರಶ್ನೆಯಲ್ಲಿ ಹೇಳಿದ ಹೂಳೋ ಹೊರಪದರವೋ ಅನ್ನುವ ವಾದ ಅಲ್ಲಿಗೂ ಅನ್ವಯಿಸುತ್ತದೆ.

ಕರ್ನಾಟಕದ ಕಲ್ಲುಗಳಿಗೆ ಇದು ಉಪಯೋಗವಾಗುತ್ತದಾ?

ಆಗುತ್ತದೆ, ಆದರೆ ಹುಷಾರಾಗಿ. ಕೋಲಾರದ ಚಿನ್ನದ ಗಣಿಗಳಿರುವ ಪಟ್ಟಿ ಬಗ್ಗೆ 1989ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಹೆಸರಾಂತ ಅಧ್ಯಯನ ಬಂತು. ಪಟ್ಟಿಯ ಪಶ್ಚಿಮದ ಮತ್ತು ಪೂರ್ವದ ಕಲ್ಲುಗಳ ವಯಸ್ಸು, ಸೀಸ, ನಿಯೋಡಿಮಿಯಂ ನೋಡಿ, ಎರಡೂ ಕಡೆಯ ಚರಿತ್ರೆ ಬೇರೆ ಬೇರೆ, ಸುಮಾರು 250 ಕೋಟಿ ವರ್ಷದ ಹಿಂದೆ ಎರಡು ತುಂಡು ಬಂದು ಇಲ್ಲಿ ಕೂಡಿಕೊಂಡಿವೆ, ಅಂದರೆ ಆಗಲೇ ಫಲಕಗಳು ಚಲಿಸುತ್ತಿದ್ದವು ಅಂತ ಕ್ರಾಗ್‌ಸ್ಟಾಡ್, ಬಾಲಕೃಷ್ಣನ್, ರಾಜಾಮಣಿ, ಹ್ಯಾನ್ಸನ್ ಮುಂತಾದವರು ವಾದಿಸಿದರು.

ಹುಷಾರು ಯಾಕೆ ಅಂದರೆ, ಅಷ್ಟು ಹಳೆಯ ಕಲ್ಲಿನಲ್ಲಿ ಆಗ ಮರೆತುಬಿಡಿ ಅಂದ ಎರಡನೆಯ ದಾರಿಯನ್ನು, ಅಂದರೆ ವಿಕಿರಣ ಕ್ಷಯವನ್ನು, ಮರೆಯುವಂತಿಲ್ಲ. 250 ಕೋಟಿ ವರ್ಷದಲ್ಲಿ ಕಲ್ಲಿನೊಳಗೇ ಹೊಸ ಸ್ಟ್ರಾನ್ಷಿಯಂ-87, ಹೊಸ ಸೀಸ ಹುಟ್ಟಿದೆ. ಅದನ್ನು ಕಳೆದು ಮೊದಲು ಎಷ್ಟಿತ್ತು ಅಂತ ಲೆಕ್ಕ ಹಾಕಬೇಕು. ಮಧ್ಯದಲ್ಲಿ ಕಲ್ಲು ಕಾದು ರುಬಿಡಿಯಂ ಸೋರಿಹೋಗಿದ್ದರೆ ಲೆಕ್ಕ ಕೆಟ್ಟಿತು. ನಿಯೋಡಿಮಿಯಂ ಇಂಥ ಕಾಟಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಹಳೆಯ ಕಲ್ಲಿನಲ್ಲಿ ನಾನು ಸ್ಟ್ರಾನ್ಷಿಯಂಗಿಂತ ಅದನ್ನೇ ನಂಬುತ್ತೇನೆ.

ಲ್ಯಾಬ್‌ನಲ್ಲಿ ಏನು ಮಾಡುತ್ತಾರೆ?

ತಾಜಾ ಕಲ್ಲು ಆರಿಸಿ, ಪುಡಿ ಮಾಡಿ, ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದೊಳಗೆ ಇಳಿದು ಮೂಳೆಯವರೆಗೂ ಹೋಗುವಂಥದ್ದು, ಅದರ ಜತೆ ಆಟ ಬೇಡ. ಆಮೇಲೆ ರೆಸಿನ್ ತುಂಬಿದ ಕಾಲಮ್‌ನಲ್ಲಿ ಬೇಕಾದ ಧಾತುವನ್ನು ಬೇರ್ಪಡಿಸುತ್ತಾರೆ. ಈ ಹಂತ ತಪ್ಪಿಸುವಂತಿಲ್ಲ, ರುಬಿಡಿಯಂ-87 ಮತ್ತು ಸ್ಟ್ರಾನ್ಷಿಯಂ-87 ಎರಡರ ತೂಕವೂ ಒಂದೇ ಆದ್ದರಿಂದ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಳೆದ ಮೇಲೆ ಎನ್‌ಬಿಎಸ್ 987 ಅನ್ನುವ ಸ್ಟ್ರಾನ್ಷಿಯಂ ಮಾನಕ 0.71025 ಕೊಡುತ್ತಿದೆಯಾ ಅಂತ ನೋಡುತ್ತಾರೆ. ಯಾವುದೇ ಪ್ರಬಂಧ ಓದುವಾಗ ಮೊದಲು ಈ ಸಂಖ್ಯೆ ಹುಡುಕಿ, ಅದಿಲ್ಲದ ಟೇಬಲ್ ಅನ್ನು ನಾನು ನಂಬುವುದಿಲ್ಲ.

ಸೀಸಕ್ಕೆ ಇನ್ನೂ ಮಡಿ ಜಾಸ್ತಿ. ಧೂಳಿನಲ್ಲಿ, ಬಣ್ಣದಲ್ಲಿ, ಹಳೆಯ ಪೆಟ್ರೋಲ್ ಹೊಗೆಯ ಉಳಿಕೆಯಲ್ಲಿ ಸೀಸ ಎಲ್ಲ ಕಡೆ ಇದೆ. ಭೂಮಿಯ ವಯಸ್ಸು 455 ಕೋಟಿ ವರ್ಷ ಅಂತ 1956ರಲ್ಲಿ ಸೀಸದಿಂದಲೇ ಲೆಕ್ಕ ಹಾಕಿದ ಕ್ಲೇರ್ ಪ್ಯಾಟರ್ಸನ್, ಆ ಕೊಳೆಯ ಜತೆ ಗುದ್ದಾಡಿ ಗುದ್ದಾಡಿಯೇ ಶುಚಿ ಲ್ಯಾಬ್ ಕಟ್ಟಿದ್ದು.

ಬಜೆಟ್ ಕಡಿಮೆ. ಒಂದೇ ಐಸೊಟೋಪ್ ಅಳೆಯಬಹುದು ಅಂದರೆ ಯಾವುದು?

ಒಂದೇ ಅಂದರೆ ಅಳೆಯಬೇಡಿ ಅನ್ನುತ್ತೇನೆ. ಸ್ಟ್ರಾನ್ಷಿಯಂ ಮತ್ತು ನಿಯೋಡಿಮಿಯಂ ಜೋಡಿ ಕನಿಷ್ಠ. ಒಂದೇ ಕರಗಿಸಿದ ಪುಡಿಯಲ್ಲಿ ಎರಡೂ ಆಗುತ್ತದೆ. ಸ್ವಲ್ಪ ದುಡ್ಡು ಉಳಿದರೆ ಸೀಸ. ಬೆರಿಲಿಯಂ-10 ಆಸೆ ಇದ್ದರೆ ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸೆಲರೇಟರ್ ಸೆಂಟರ್‌ನಲ್ಲಿ ಅದನ್ನು ಅಳೆಯುವ ಸೌಲಭ್ಯ ಇದೆ, ಆದರೆ ಮೊದಲು ನಿಮ್ಮ ಫಲಕದ ವೇಗ ಮತ್ತು ಹೂಳಿನ ಮೇಲಿನ ಪದರದ ದಪ್ಪ ನೋಡಿ, ಸಿಗುವ ಸಾಧ್ಯತೆಯೇ ಇಲ್ಲದ ಕಡೆ ಹುಡುಕಬೇಡಿ.

ಕಂದಕದ ಹೂಳು ನನಗೆ ಎಲ್ಲಿ ಸಿಗುತ್ತದೆ?

ಹಡಗು ಬೇಕಿಲ್ಲ. ಸಮುದ್ರ ಕೊರೆದು ತೆಗೆದ ಹೂಳಿನ ಕಂಬಗಳನ್ನು ಜರ್ಮನಿಯ ಬ್ರೆಮೆನ್, ಅಮೆರಿಕದ ಟೆಕ್ಸಾಸ್, ಜಪಾನಿನ ಕೋಚಿ ಊರುಗಳಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಕಾರಣ ಬರೆದು ಅರ್ಜಿ ಹಾಕಿದರೆ ಸಂಶೋಧಕರಿಗೆ ಕೆಲವು ಗ್ರಾಂ ಕೊಡುತ್ತಾರೆ. ಅಂಡಮಾನ್-ಸುಮಾತ್ರಾ ಕಡೆ ಕೆಲಸ ಮಾಡುವವರು 2015ರ ಎಕ್ಸ್‌ಪೆಡಿಷನ್ 354 ಬಂಗಾಳ ಕೊಲ್ಲಿಯಲ್ಲಿ ಕೊರೆದದ್ದನ್ನು ಮತ್ತು 2016ರ ಎಕ್ಸ್‌ಪೆಡಿಷನ್ 362 ಸುಮಾತ್ರಾ ಹೊರಗೆ ಕೊರೆದದ್ದನ್ನು ಕೇಳಬಹುದು. ಅರ್ಜಿ ಹಾಕುವ ಮುಂಚೆ ಆ ಎರಡರ ವರದಿಯಲ್ಲಿ ಯಾವ ಆಳದ ಪದರ ನಿಮಗೆ ಬೇಕು ಅಂತ ಗುರುತು ಹಾಕಿಕೊಳ್ಳಿ, ಅದಿಲ್ಲದ ಅರ್ಜಿ ಮುಂದೆ ಹೋಗುವುದು ಕಷ್ಟ.